ಬನಹಟ್ಟಿಯ ವಿಠೋಬಾ ಕಾರ್ನೆಟ್ ಆರಿಸಿದ್ದು

ಬನಹಟ್ಟಿಯಲ್ಲಿ ಗುಟ್ಟುಗಳು ಬಾಳುವುದು ಕರೆಂಟು ಇರುವ ತನಕ ಮಾತ್ರ. ಓಣಿಯ ತುಂಬ ಪಾವರ್‌ಲೂಮ್ ಮಗ್ಗಗಳು ಬೆಳಗಿನಿಂದ ಖಟಾಖಟ್ ಎಂದು ಬಡಿದುಕೊಳ್ಳುತ್ತಿರುವಾಗ, ಸೊಸೆಯಾದವಳು ಅತ್ತೆಯ ಮೇಲಿನ ಸಿಟ್ಟನ್ನು ಪಕ್ಕದ ಮನೆಯವಳಿಗೆ ಹೇಳಬೇಕೆಂದರೆ ಗಂಟಲು ಹರಿಯುವಂತೆ ಕೂಗಿಯೇ ಹೇಳಬೇಕು. ಅತ್ತೆ ಎರಡು ಮಾರು ದೂರದಲ್ಲೇ ಕೂತಿದ್ದರೂ ಆಕೆಗೆ ಒಂದಕ್ಷರ ಕೇಳಿಸುವುದಿಲ್ಲ. ಹೀಗಾಗಿ ಮನೆತನಗಳು ಸುಖವಾಗಿವೆ. ತೊಂದರೆ ಏನಿದ್ದರೂ ಕರೆಂಟು ಹೋದಾಗ. ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತವೆ. ಮನುಷ್ಯರು ಮುಚ್ಚುವಷ್ಟರಲ್ಲಿ ಒಂದು ಮಾತು ಹೊರಗೆ ಬಿದ್ದುಬಿಟ್ಟಿರುತ್ತದೆ. ಆ ಒಂದೇ ಮಾತಿನಿಂದ ನಮ್ಮ ಓಣಿಯಲ್ಲಿ ಬೀಗತನಗಳು ಮುರಿದಿವೆ, ಅಣ್ಣತಮ್ಮಂದಿರು ನಡುವೆ ಗೋಡೆ ಎತ್ತಿದ್ದಾರೆ.

ವಿಠೋಬಾನ ಮಾನ ಹೋದದ್ದೂ ಕರೆಂಟಿನ ಜೊತೆಗೇ. ವಿಠೋಬಾ ದಿನನಿತ್ಯ ಸೀರೆ ನೇಯುವವನು, ಮದುವೆಯ ದಿನಗಳಲ್ಲಿ ಹುಲೆಪ್ಪ ಮಾಸ್ತರರ ಬ್ಯಾಂಡ್ ಕಂಪನಿಯಲ್ಲಿ ಕೆಂಪು ಕೋಟು ತೊಟ್ಟು ಕಾರ್ನೆಟ್ ಊದುವವನು. ಕಾರ್ನೆಟ್ ಎಂದರೆ ಹಿತ್ತಾಳೆಯ ವಾದ್ಯ, ಟ್ರಂಪೆಟ್ಟಿನ ಗಿಡ್ಡ ತಮ್ಮ. ಅದಕ್ಕೆ ಮೂರು ಗುಂಡಿ, ಒಂದು ಬಾಯಿ. ಊದುವವನಿಗೆ ಎರಡು ಉಬ್ಬಿದ ಗಲ್ಲ. ವಿಠೋಬಾನ ಗಲ್ಲಗಳನ್ನು ನೋಡಿದವರು ಅವನ ವಿದ್ಯೆಯ ಬಗ್ಗೆ ಸಂಶಯ ಪಡುವ ಹಾಗಿರಲಿಲ್ಲ. ಕೇಳಿದವರು ಪಡುತ್ತಿದ್ದರು.

ಅಂದು ಮಧ್ಯಾಹ್ನ ಅವನ ಹೆಂಡತಿ ಬನಶಂಕರಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ, ಎದುರು ಮನೆಯ ಮಂಗಲಾಳಿಗೆ ಕಿಟಕಿಯಿಂದ ಕೂಗಿ ಸಂಸಾರದ ಮಾತಾಡುತ್ತಿದ್ದಳು. "ನಮ್ಮ ಮನಿಯವರು ಕಾರ್ನೆಟ್ ಊದಿದ್ರಂದ್ರ" ಎನ್ನುವವರೆಗೆ ಮಗ್ಗಗಳು ಓಡುತ್ತಿದ್ದವು. ಅಲ್ಲಿಗೆ ಕರೆಂಟು ಹೋಯಿತು. ಉಳಿದದ್ದು ಇಡೀ ಓಣಿಗೆ ಕೇಳಿತು. "ಕೆಸರಾಗ ಸಿಕ್ಕೊಂಡ ಎಮ್ಮಿ ಒದರಿದಂಗ ಇರತೈತಿ ನೋಡ ಮಂಗಲಾ."

ಮೊದಲು ಮೂಲೆಮನೆಯ ಮುತ್ತಣ್ಣ ನಕ್ಕ, ಅವನ ಹಿಂದೆ ಉಳಿದವರು ನಕ್ಕರು. ಹರಿದ ಎಳೆ ಗಂಟು ಹಾಕುತ್ತಿದ್ದ ವಿಠೋಬಾನ ಕೈಯಲ್ಲಿ ಎಳೆ ಹಾಗೇ ಉಳಿಯಿತು. ಬನಶಂಕರಿ ನಾಲಿಗೆ ಕಚ್ಚಿಕೊಂಡಳು. ಆದರೆ ಬಿದ್ದ ಮಾತನ್ನು ಕಂಡಿಕೆಗೆ ಸುತ್ತಿ ಒಳಗೆ ಎಳೆದುಕೊಳ್ಳಲು ಬರುವುದಿಲ್ಲವಲ್ಲ. ಮರುದಿನದಿಂದ ಕಿರಾಣಿ ಅಂಗಡಿಯಲ್ಲಿ, ಚಹಾದ ಅಂಗಡಿಯಲ್ಲಿ ಜನ ಬಲು ಗೌರವದಿಂದ ಕೇಳತೊಡಗಿದರು. "ವಿಠೋಬಣ್ಣಾ, ಎಮ್ಮಿ ಆರಾಮ ಐತೇನ್ರಿ?"

ವಿಠೋಬಾ ಹೆಂಡತಿಗೆ ಬೈಯಲಿಲ್ಲ. ಊಟದ ತಾಟಿನ ಮುಂದೆ ಕೂತು ಒಂದೇ ಮಾತು ಹೇಳಿದ. "ಇದೇ ಓಣ್ಯಾಗ, ಎಲ್ಲಾರ ಕಿವೀಗೂ ಬೀಳೂವಂಗ, ನೀ ನನ್ನ ಊದೂಣಿ ಛಲೋ ಐತಿ ಅನಬೇಕು. ಅಂದ ದಿನಾ ನಾ ಗಂಡಸು."

"ಅದಕ್ಕ ನೀವು ಛಲೋ ಊದಬೇಕಲ್ರಿ" ಎಂದಳು ಬನಶಂಕರಿ. ಮೆತ್ತಗೆ ಹೇಳಿದೆನೆಂದು ಅವಳು ತಿಳಿದಿದ್ದಳು. ಎದುರು ಮನೆಯಲ್ಲಿ ಮಂಗಲಾ ನಕ್ಕದ್ದು ಕೇಳಿಸಿತು.

ವಿಠೋಬಾ ಬಹಳ ವಿಚಾರ ಮಾಡಿ, ತಪ್ಪು ತನ್ನದಲ್ಲ, ಕಾರ್ನೆಟ್ಟಿನದು ಎಂಬ ತೀರ್ಮಾನಕ್ಕೆ ಬಂದ. ಇಂಥ ತೀರ್ಮಾನಕ್ಕೆ ಬರಲು ಯಾರಿಗೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ತುಳಸಿ ಲಗ್ನ ಮುಗಿದು ಮದುವೆಗಳ ಗದ್ದಲ ಶುರುವಾಗಿತ್ತು. ಗಲಗಲಿಯಿಂದ ಸಾಬಣ್ಣನೆಂಬ ಕುರಿಗಾರ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹುಲೆಪ್ಪ ಮಾಸ್ತರರನ್ನು ಹುಡುಕಿಕೊಂಡು ಬಂದ. ಮಗಳು ಉಮಾಶ್ರೀಯ ಮದುವೆ, ಬಾಡಗಂಡಿಯ ವರ.

"ಬ್ಯಾಂಡ್ ಬೇಕಂತ ಹುಡುಗಿ ಹಟಾ ಹಿಡದಾಳ್ರಿ ಮಾಸ್ತರ" ಎಂದ ಸಾಬಣ್ಣ. "ಡೊಳ್ಳ ನಮ್ಮ ಮನ್ಯಾಗ ಅದಾವ. ಬೀರೇಶ್ವರನ ಡೊಳ್ಳಿಗೆ ನಮ್ಮ ಕುರಿ ರೂಢಿ ಆಗ್ಯಾವ. ಹಿತ್ತಾಳಿ ವಾದ್ಯಕ್ಕ ಆಗಿಲ್ಲ. ಹಂದರದ ಬಾಜೂಕನ ದೊಡ್ಡಿ ಐತಿ, ಎಲ್ಲಾ ಹಸಿ ಬಾಣಂತಿ ಕುರಿ. ಹೋದ ವರ್ಷ ಹುನ್ನೂರಾಗ ಬೀಗರ ಮದುವ್ಯಾಗ ಯಾರೋ ಬ್ಯಾಂಡ್ ಬಾರಿಸಿದ್ರು, ಕುರಿ ಬೆದರಿ ಕಬ್ಬಿನ ತ್ವಾಟ ಹೊಕ್ಕು, ಮದುಮಗನೂ ಕುರಿ ಹುಡುಕಾಕ ಹೋಗಿದ್ದ. ಮೆತ್ತಗ ಊದವರಿದ್ರ ಬರ್ರಿ. ಇಲ್ಲಾಂದ್ರ ಇಲ್ಲಾಂತ ಈಗ ಹೇಳ್ರಿ."

ಹುಲೆಪ್ಪ ಮಾಸ್ತರರು ಇಲ್ಲ ಎನ್ನಲು ಬಾಯಿ ತೆರೆದಿದ್ದರು. ಹಿಂದಿನಿಂದ ವಿಠೋಬಾ ಮುಂದೆ ಬಂದ.

"ನಾ ಊದತೇನ್ರಿ. ಕಾರ್ನೆಟ್ಟಿನ ದನಿ ಹೆಂಗಿರಬೇಕು ಗೊತ್ತೇನ್ರಿ? ಆಗಷ್ಟ ಒಲಿ ಮ್ಯಾಲಿಂದ ಇಳಿಸಿದ ಹಾಲು ಇರತೈತಲ್ಲ, ಹಂಗ. ಬೆಚ್ಚಗ, ಮೆತ್ತಗ. ಕುರಿ ಬೆದರೂದು ದೂರ ಉಳೀತು, ಮಕ್ಕೋತಾವ."

"ನಿನ್ನ ಕಾರ್ನೆಟ್ಟಿನ್ಯಾಗ ಅಂಥಾದ್ದು ಎಂದೂ ಬಂದಿಲ್ಲಲೋ" ಎಂದರು ಮಾಸ್ತರರು.

"ಅದು ನೆಗ್ಗಿ ಹೋಗೇತ್ರಿ. ಬ್ಯಾರೆ ಆರಿಸಿ ತರತೇನಿ. ದನಿ ಆರಿಸೂದರಾಗ ನನ್ನ ಕಿವಿ ಭಾಳ ಸೂಕ್ಷ್ಮ."

ಸಾಬಣ್ಣ ನಂಬಿ ವೀಳ್ಯ ಕೊಟ್ಟು ಹೋದ. ಅವನ ಬೆನ್ನು ಮರೆಯಾಗುತ್ತಲೇ ಮಾಸ್ತರರು ವಿಠೋಬಾನ ಅಂಗಿಯ ಗುಂಡಿ ಹಿಡಿದುಕೊಂಡರು. "ಲೇ ವಿಠೋಬಾ, ಒಂದ ಕುರಿ ಬೆದರಿ ಓಡಿತಂದ್ರೂ ಮುಂದಿನ ಮದುವೀಯಿಂದ ನೀ ಕಾರ್ನೆಟ್ ಮುಟ್ಟಂಗಿಲ್ಲ. ಜನರೇಟರ್ ಗಾಡಿ ತಳ್ಳಾಂವ."

ಬ್ಯಾಂಡ್ ಕಂಪನಿಯಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಜನರೇಟರ್ ತಳ್ಳುವವನು ಮೆರವಣಿಗೆಯ ಕಟ್ಟಕಡೆಗೆ ಇರುತ್ತಾನೆ. ಹೊಗೆ ಅವನ ಮೂಗಿಗೆ, ಫೋಟೋ ಮುಂದಿನವರಿಗೆ. ಊಟದ ಪಂಕ್ತಿಯಲ್ಲೂ ಬುಂದೇದ ಉಂಡಿ ಅವನ ತನಕ ಬರುವಷ್ಟರಲ್ಲಿ ಬುಟ್ಟಿಯಲ್ಲಿ ಬರೀ ಪುಡಿ ಉಳಿದಿರುತ್ತದೆ.

ಮದುವೆಗೆ ಎರಡು ದಿನ ಇರುವಾಗ ವಿಠೋಬಾ ಜಮಖಂಡಿಗೆ ಹೋದ. ಅಲ್ಲಿ ವಾದ್ಯದ ಅಂಗಡಿಯ ನಿಂಗಣ್ಣ, ಹುಲೆಪ್ಪ ಮಾಸ್ತರರ ಹಳೆಯ ಪರಿಚಯದವನು, ಗಾದಿಯ ಮೇಲೆ ಎರಡು ಕಾರ್ನೆಟ್ ತಂದಿಟ್ಟ. ಒಂದು ಬೆಳ್ಳಿ ಬಣ್ಣದ್ದು, ಕನ್ನಡಿಯಂತೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಇನ್ನೊಂದು ಮಸುಕು ಹಿತ್ತಾಳೆಯದು, ಯಾರೋ ಬಹಳ ದಿನ ಊದಿ ಬಿಟ್ಟದ್ದು.

"ನಿಮಗ ಮೆತ್ತನ್ನ ದನಿ ಬೇಕಂದ್ರ ಮಸುಕಂದ ತಗೋರಿ" ಎಂದ ನಿಂಗಣ್ಣ. "ಊದಿ ನೋಡ್ರಿ."

ವಿಠೋಬಾ ಊದಲಿಲ್ಲ. ಗಡಿಗೆ ಕೊಳ್ಳುವವರ ಹಾಗೆ ಎರಡನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿದ, ಮೂಸಿ ನೋಡಿದ, ಕಣ್ಣು ಕಿರಿದು ಮಾಡಿ ಒಳಗೆ ಇಣುಕಿದ. ಮಧ್ಯಾಹ್ನದ ಹೊತ್ತು ಪೇಟೆ ಮಲಗಿತ್ತು. ಎಲ್ಲೋ ಒಂದು ಸೈಕಲ್ ಗಂಟೆ ಬಿಟ್ಟರೆ ಸದ್ದಿಲ್ಲ. ಅವನಿಗೆ ಕಿವಿಯಲ್ಲಿ ಅರಳೆ ತುರುಕಿದ ಹಾಗೆ ಆಗಿತ್ತು.

"ಇಲ್ಲಿ ಬ್ಯಾಡ್ರಿ" ಎಂದ. "ಇಲ್ಲಿ ಭಾಳ ಶಾಂತ ಐತಿ. ಶಾಂತ ಇದ್ದಲ್ಲಿ ಎಲ್ಲಾ ವಾದ್ಯಾನೂ ಛಲೋನ ಕೇಳತಾವ. ಖರೇ ಪರೀಕ್ಷಾ ಆಗಬೇಕಂದ್ರ ಕಿವೀಗೆ ರೂಢಿ ಇದ್ದ ಜಾಗಾದಾಗ ಆಗಬೇಕು. ಎರಡೂ ಒಯ್ತೇನಿ, ಒಂದು ತಿರುಗಿ ತಂದು ಕೊಡತೇನಿ."

ನಿಂಗಣ್ಣ ಅಂಗಡಿ ಇಟ್ಟ ಮೇಲೆ ಎಂಥೆಂಥವರನ್ನೋ ನೋಡಿದ್ದ. ಮಾಸ್ತರರ ಮೇಲಿನ ನಂಬಿಕೆಯಿಂದ ಎರಡನ್ನೂ ಅರಿವೆಯಲ್ಲಿ ಸುತ್ತಿ ಕೊಟ್ಟ.

ಮರುದಿನ ವಿಠೋಬಾನ ಮಗ್ಗದ ಮನೆಯಲ್ಲಿ ಪರೀಕ್ಷೆ ಏರ್ಪಟ್ಟಿತು. ಓಣಿಯ ಮರ್ಯಾದಸ್ಥರೆಲ್ಲ ಬಂದರು. ಭಜನೆಯಲ್ಲಿ ತಾಳ ಹಾಕುವ ಕಾರಣದಿಂದ ಮುತ್ತಣ್ಣ ಮುಖ್ಯ ಪರೀಕ್ಷಕನಾದ. ಮಂಗಲಾ ಬಾಗಿಲಲ್ಲಿ ನಿಂತಳು. ಬನಶಂಕರಿ ಕಂಡಿಕೆ ಬಿಡಲಿಲ್ಲ. ಮಗ್ಗಗಳು ಎಂದಿನಂತೆ ನೆಲ ನಡುಗುವ ಹಾಗೆ ಓಡುತ್ತಿದ್ದವು. ಅವನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೀನಿಗೆ ನೀರು ಬತ್ತಿಸಿ ನೋಡೋಣ ಎಂದು ಹೊಳೆಯುತ್ತದೆಯೇ?

ವಿಠೋಬಾ ಮೊದಲು ಮಸುಕು ಕಾರ್ನೆಟ್ ಎತ್ತಿದ. ಗಲ್ಲ ಉಬ್ಬಿಸಿದ, ಕಣ್ಣು ಕೆಂಪಾದವು, ಕುತ್ತಿಗೆಯ ನರ ಎದ್ದವು. ಕಿವಿಗೆ ಬಂದದ್ದು ಖಟಾಖಟ್ ಒಂದೇ.

"ಏನೂ ಕೇಳವಲ್ದು" ಎಂದು ಮುತ್ತಣ್ಣ ಕೂಗಿದ.

"ಮೂಕ ಐತಿ" ಎಂದು ಮಂಗಲಾ ಕೂಗಿದಳು.

"ಒಳಗ ಎಲ್ಲೋ ತೂತ ಬಿದ್ದೈತಿ, ಹವಾ ಹೊರಗ ಹೋಗತೈತಿ. ನಿಂಗಣ್ಣ ನನ್ನ ತಲೀಗೆ ಕಟ್ಟಾಕ ನೋಡಿದ್ದ" ಎಂದು ವಿಠೋಬಾ ಅದನ್ನು ಚೀಲಕ್ಕೆ ತುರುಕಿದ. ಆಮೇಲೆ ಬೆಳ್ಳಿಯದನ್ನು ಎತ್ತಿ ಊದಿದ. ಈ ಸಲ ಮಗ್ಗಗಳ ಸದ್ದಿನ ನಡುವಿನಿಂದ ತೆಳ್ಳಗೆ, ನಯವಾಗಿ, ದೂರದಿಂದ ಯಾರೋ ಕರೆಯುವ ಹಾಗೆ ಒಂದು ದನಿ ಬಂತು. ಮುತ್ತಣ್ಣ ಕಣ್ಣು ಮುಚ್ಚಿ ತಲೆದೂಗಿದ.

"ಬೆಣ್ಣಿ, ಬೆಣ್ಣಿ" ಎಂದು ಅವನು ಓಣಿ ಹಾರುವಂತೆ ಚೀರಿದ. "ಎಷ್ಟು ಮೆತ್ತಗೈತಿ ಅಂತೀನಿ."

ಎಲ್ಲರೂ ಒಪ್ಪಿದರು. ಬನಶಂಕರಿ ಮಾತ್ರ ತಲೆ ಎತ್ತದೆ, "ಕಿವೀ ಒಳಗ ಏನೋ ಚುಚ್ಚಿದಂಗಾತು" ಎಂದಳು. ಅದು ಯಾರಿಗೂ ಕೇಳಿಸಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ದಿನಕ್ಕೆ ಹತ್ತಾರು ಸಲ ಹೋಗುವ ಕರೆಂಟು ಅಂದು ಬೆಳಗಿನಿಂದ ಸಂಜೆಯ ತನಕ ಹೋಗಲಿಲ್ಲ. ಒಂದೇ ಒಂದು ಸಲ ಹೋಗಿದ್ದರೆ ಸಾಕಿತ್ತು, ಗಲಗಲಿಯ ಕುರಿಗಳು ನೆಮ್ಮದಿಯಿಂದ ಮೆಲುಕು ಹಾಕುತ್ತಿದ್ದವು.

ಮದುವೆಯ ದಿನ ಬ್ಯಾಂಡಿನ ಟೆಂಪೊ ಜಮಖಂಡಿ ದಾಟುವಾಗ ನಿಂಗಣ್ಣನ ಅಂಗಡಿ ಇನ್ನೂ ತೆರೆದಿರಲಿಲ್ಲ. ಹೀಗಾಗಿ ಮೂಕ ಕಾರ್ನೆಟ್ ಚೀಲದಲ್ಲೇ ಉಳಿದು ಗಲಗಲಿಗೆ ಬಂತು.

ಗಲಗಲಿಯಲ್ಲಿ ಇಳಿದಾಗ ವಿಠೋಬಾನಿಗೆ ಮತ್ತೆ ಕಿವಿಯಲ್ಲಿ ಅರಳೆ ತುರುಕಿದ ಹಾಗಾಯಿತು. ಊರ ಮಗ್ಗುಲಿಗೆ ಹಿನ್ನೀರು ಅಲ್ಲಾಡದೆ ಮಲಗಿತ್ತು. ಹಂದರದಲ್ಲಿ ಹಿರಿಯರು ಎಲೆ ಅಡಿಕೆ ಮೆಲ್ಲುವುದು ಕೇಳುತ್ತಿತ್ತು. ಬಾಜೂಕ್ಕೆ ಮುಳ್ಳಿನ ಬೇಲಿಯ ದೊಡ್ಡಿ. ಕುರಿಗಳು ಅಲ್ಲಿ ಹೊಟ್ಟು ತಿನ್ನುತ್ತಿದ್ದವು. ಮರಿಗಳನ್ನು ಬಿದಿರ ಬುಟ್ಟಿಗಳಡಿ ಬೇರೆಯಾಗಿ ಮುಚ್ಚಿಟ್ಟಿದ್ದರು. ಸಾಬಣ್ಣನ ತಾಯಿ ಸಾತವ್ವ ಬುಟ್ಟಿಗಳ ನಡುವೆ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು.

"ವರನ ಟೆಂಪೊ ಊರ ಅಗಸಿಗೆ ಬಂತಂತ" ಎಂದು ಸುದ್ದಿ ಬಂತು. ಹುಲೆಪ್ಪ ಮಾಸ್ತರರು ಕೋಲು ಎತ್ತಿದರು. "ವಿಠೋಬಾ, ಹಾಲು" ಎಂದರು.

ವಿಠೋಬಾ ಕಣ್ಣು ಮುಚ್ಚಿ, ಮಗ್ಗದ ಮನೆಯಲ್ಲಿ ಊದಿದಷ್ಟೇ ಉಸಿರಿನಿಂದ ಊದಿದ.

ಯಾರೋ ಪಕ್ಕದಲ್ಲಿ ತಗಡಿನ ಪತ್ರಾಸು ಹರಿದರೆಂದು ಮೊದಲು ತಿರುಗಿ ನೋಡಿದವನು ವಿಠೋಬಾನೇ. ಅಡಿಗೆಯವನ ಕೈಯಿಂದ ಬುಂದೇದ ಸೌಟು ಜಾರಿ ಎಣ್ಣೆಯಲ್ಲಿ ಬಿತ್ತು. ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ಒಬ್ಬ ಹಿರಿಯ ಎದ್ದು ನಿಂತು, ಬಸ್ಸು ಬಂತೇನ್ರಿ ಎಂದು ಚೀಲ ಹುಡುಕಿದ. ದೊಡ್ಡಿಯ ಕುರಿಗಳು ಒಂದು ಸಲ ತಲೆ ಎತ್ತಿದವು, ಆಮೇಲೆ ಬೇಲಿ ಇಲ್ಲವೇ ಇಲ್ಲ ಎಂದು ತಿಳಿದು ಹೊರಟವು. ಅವು ಹೊರಟ ಮೇಲೆ ಬೇಲಿ ಖರೇನೇ ಇರಲಿಲ್ಲ.

ಸಾಬಣ್ಣ ತಲೆಯ ಪಟಗ ಕೈಯಲ್ಲಿ ಹಿಡಿದು ಓಡಿ ಬಂದ. "ಇದೇನ್ರಿ ಮಾಸ್ತರ, ಇದ ಏನ್ರಿ ಒಲಿ ಮ್ಯಾಲಿಂದ ಇಳಿಸಿದ ಹಾಲು?"

"ಉಕ್ಕಿ ಬಂತ್ರಿ" ಎಂದರು ಮಾಸ್ತರರು. ಅವರಿಗೆ ಬೇರೇನೂ ತೋಚಲಿಲ್ಲ.

ಊರಬಾಗಿಲ ಅಗಸಿಯಲ್ಲಿ ವರನ ಟೆಂಪೊ ಕುರಿಗಳ ನಡುವೆ ಸಿಕ್ಕಿತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಒಂದು ಕುರಿ ಮುಂಗಾಲು ಎತ್ತಿ ಟೆಂಪೊದ ಮೂತಿಗೆ ಕಟ್ಟಿದ ಚೆಂಡುಹೂವಿನ ಹಾರವನ್ನು ಸಮಾಧಾನದಿಂದ ತಿನ್ನತೊಡಗಿತು. ವರ ಬಾಸಿಂಗದೊಳಗಿನಿಂದ ನೋಡುತ್ತ ಕೂತ. ಬೀಗರು ಇಳಿದು, ಇದು ಗಲಗಲಿಯ ಪದ್ಧತಿಯೇನು, ಬೀಗರನ್ನು ಹೀಗೆ ಇದಿರುಗೊಳ್ಳುತ್ತೀರೇನು ಎಂದು ಕೇಳತೊಡಗಿದರು. ಉಳಿದ ಕುರಿಗಳು ಹಿನ್ನೀರಿನ ದಂಡೆಗೆ ಓಡಿದವು, ಅವುಗಳ ಹಿಂದೆ ಹಂದರದ ಗಂಡಸರೆಲ್ಲ ಓಡಿದರು. ಅಕ್ಷತೆಯ ಹೊತ್ತು ಹತ್ತಿರ ಬರುತ್ತಿತ್ತು. ವಧು ಉಮಾಶ್ರೀ ಬಾಗಿಲಿಗೆ ಬಂದು ನೋಡಿ, ಬ್ಯಾಂಡು ತಾನೇ ಬೇಡಿದ್ದೆಂಬುದು ನೆನಪಾಗಿ ಒಳಗೆ ಹೋಗಿಬಿಟ್ಟಳು.

ಸಾತವ್ವ ಮಾತ್ರ ಎದ್ದಿರಲಿಲ್ಲ. "ಓಡಬ್ಯಾಡ್ರೋ ಯಪ್ಪಾ" ಎಂದಳು. "ನೀವು ಓಡಿದಷ್ಟು ಅವೂ ಓಡತಾವ. ಮರಿ ಇಲ್ಲೇ ಅದಾವ, ತಾಯಿ ಆದಾಕಿ ಎಲ್ಲಿಗೆ ಹೋದಾಳು?" ಎಂದು ಒಂದೊಂದೇ ಬುಟ್ಟಿ ಎತ್ತಿದಳು. ಮರಿಗಳು ಹಸಿದು ಒದರತೊಡಗಿದವು. ಸ್ವಲ್ಪ ಹೊತ್ತಿಗೆ ದಂಡೆಯ ಕಡೆಯಿಂದ ಒಂದು ಕುರಿ ಬಂತು, ಅದರ ಹಿಂದೆ ನಾಲ್ಕು ಬಂದವು, ಅಗಸಿಯಲ್ಲಿದ್ದವೂ ವರನ ಟೆಂಪೊಗೆ ದಾರಿ ಬಿಟ್ಟು ಬಂದವು. ಆದರೆ ಅವುಗಳ ಕಿವಿ ಇನ್ನೂ ಸೆಟೆದೇ ಇದ್ದವು. ಎಲೆ ಅಲ್ಲಾಡಿದರೂ ಮತ್ತೆ ಓಡುವ ಹಾಗಿದ್ದವು.

ಇತ್ತ ಹುಲೆಪ್ಪ ಮಾಸ್ತರರು ಬೆಳ್ಳಿ ಕಾರ್ನೆಟ್ ಕಸಿದುಕೊಂಡು ಜನರೇಟರ್ ಗಾಡಿಯ ಕಡೆ ಬೆರಳು ತೋರಿಸಿದರು. ವಿಠೋಬಾ ತಲೆ ತಗ್ಗಿಸಿ ಹೊರಟ. ಅಷ್ಟರಲ್ಲಿ ಫೋಟೋದವನು ಬಂದು, ಬ್ಯಾಂಡಿನ ಮುಂದೆ ಊದುವವರೇ ಇಲ್ಲದಿದ್ದರೆ ಫೋಟೋ ಬೋಳಾಗುತ್ತದೆ ಎಂದ. ಮಾಸ್ತರರು ಯೋಚಿಸಿದರು.

"ಲೇ, ಆ ಮೂಕಂದು ಚೀಲದಾಗ ಐತೇನು?"

"ಐತ್ರಿ."

"ಅದನ್ನ ಹಿಡಕೊಂಡು ನಿಂದರು. ಗಲ್ಲ ಉಬ್ಬಸು, ಬೆರಳು ಆಡಸು. ಫೋಟೋಕ್ಕ ಛಂದ ಕಾಣತೈತಿ. ಹೆಂಗೂ ದನಿ ಬರಂಗಿಲ್ಲ, ಕುರಿನೂ ಬೆದರಂಗಿಲ್ಲ."

ಅಂತರಪಟದ ಎದುರು ವಿಠೋಬಾ ಮೂಕ ಕಾರ್ನೆಟ್ ಹಿಡಿದು ನಿಂತ. ಊದುವವನೆಂಬ ಹೆಸರು ಇವತ್ತಿಗೆ ಮುಗಿಯಿತು ಎಂದು ಅವನಿಗೆ ಖಾತ್ರಿಯಾಗಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಯಾರಿಗೂ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯದಿಂದ, ಗಲ್ಲಕ್ಕೆ ಹೆಚ್ಚು ತ್ರಾಸು ಕೊಡದೆ, ತಾಯಿ ಹಾಡುತ್ತಿದ್ದ ಒಂದು ಜೋಗುಳವನ್ನು ಸುಮ್ಮನೆ ಉಸಿರಾಡಿದ.

ಎಲ್ಲಿಂದಲೋ ಒಂದು ದನಿ ಬಂತು. ಬೆಚ್ಚಗಿತ್ತು, ಮೆತ್ತಗಿತ್ತು. ಯಾರಪ್ಪಾ ಇಷ್ಟು ಛಲೋ ಊದುತ್ತಿರುವವರು ಎಂದು ವಿಠೋಬಾ ಊದುತ್ತಲೇ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಮಾಸ್ತರರೂ ಹಿಂದೆ ತಿರುಗಿ ನೋಡುತ್ತಿದ್ದರು. ಊದುವುದನ್ನು ನಿಲ್ಲಿಸಿದ, ದನಿಯೂ ನಿಂತಿತು. ಮತ್ತೆ ಊದಿದ, ಮತ್ತೆ ಬಂತು. ಆಗ ಅವನು ಕೈಯಲ್ಲಿದ್ದ ಮಸುಕು ಕಾರ್ನೆಟ್ಟನ್ನೇ ನೋಡಿದ.

"ಯಾರದು ತಮ್ಮಾ ಅದು?" ಎಂದಳು ಸಾತವ್ವ, ದೊಡ್ಡಿಯಿಂದ. "ನಿಂದರಸಬ್ಯಾಡ. ಮರಿ ಮೊಲಿಗೆ ಬಾಯಿ ಹಚ್ಚ್ಯಾವ."

ಕುರಿಗಳ ಕಿವಿ ಇಳಿದವು. ಜೋಗುಳದ ಧಾಟಿಯಲ್ಲೇ ಅಕ್ಷತೆ ಬಿತ್ತು. ಹೀಗೆ ಮದುವೆಯಾದ ವಧೂವರರು ಬೇರೆಲ್ಲೂ ಇರಲಿಕ್ಕಿಲ್ಲ. ಸಾಬಣ್ಣ ಪಟಗ ಮತ್ತೆ ಸುತ್ತಿಕೊಂಡು ಬಂದು ವಿಠೋಬಾನ ಹೆಗಲಿಗೆ ಹೊಸ ಟಾವೆಲ್ ಹಾಕಿದ. "ಮೊದಲ ಇದನ್ನ ಊದೂದ ಬಿಟ್ಟು ಅದೇನ ಚಾಷ್ಟಿ ಮಾಡಿದ್ರಿ" ಎಂದ.

ಊಟ ಮುಗಿಯುವ ಹೊತ್ತಿಗೆ ವಿಠೋಬಾ ತನ್ನ ಉಪಾಯವನ್ನು ಬಾಡಗಂಡಿಯ ಬೀಗರಿಗೆ ವಿವರಿಸುತ್ತಿದ್ದ. ಎರಡನ್ನೂ ಬೇಕಂತಲೇ ತಂದಿದ್ದನಂತೆ, ಮೊದಲು ಕೆಟ್ಟದ್ದು ಕೇಳಿಸಿದರೆ ಛಲೋದು ಇನ್ನೂ ಛಲೋ ಕೇಳುತ್ತದಂತೆ. ಮಾಸ್ತರರು ಉಂಡಿ ಮುರಿಯುತ್ತ ಎಲ್ಲ ಕೇಳಿಸಿಕೊಂಡರು. ಜನರೇಟರಿನ ಮಾತು ಮಾತ್ರ ಎತ್ತಲಿಲ್ಲ.

ಬರುವಾಗ ಬೆಳ್ಳಿ ಕಾರ್ನೆಟ್ ನಿಂಗಣ್ಣನ ಅಂಗಡಿಗೆ ಸೇರಿತು.

ಮರುದಿನ ಮಧ್ಯಾಹ್ನ ವಿಠೋಬಾ ಮಗ್ಗದ ಮನೆಯಲ್ಲಿ ಕೂತು ಮಸುಕು ಕಾರ್ನೆಟ್ ಎತ್ತಿದ. ಬನಶಂಕರಿ ಕಂಡಿಕೆ ಸುತ್ತುತ್ತ ಅವನ ಉಬ್ಬಿದ ಗಲ್ಲ ನೋಡಿದಳು. ಓಣಿ ಖಟಾಖಟ್ ಎನ್ನುತ್ತಿತ್ತು. "ಅದು ಮೂಕಂದ ಅಲ್ಲೇನ್ರಿ, ಅದನ್ಯಾಕ ಊದಾಕತ್ತೀರಿ?" ಎಂದು ಕೂಗಿದಳು. ವಿಠೋಬಾ ಊದುತ್ತಲೇ ಇದ್ದ.

ಆಗ ಕರೆಂಟು ಹೋಯಿತು.

ಮಗ್ಗಗಳೆಲ್ಲ ಬಾಯಿ ಮುಚ್ಚಿದವು. ಆ ಬಿಸಿಲಲ್ಲಿ, ಆ ಓಣಿಯಲ್ಲಿ, ಜೋಗುಳವೊಂದೇ ಉಳಿಯಿತು. ಬನಶಂಕರಿಯ ಕೈಯಲ್ಲಿ ಕಂಡಿಕೆ ನಿಂತಿತು. ಮಂಗಲಾ ಕಿಟಕಿಗೆ ಬಂದಳು. ಒಬ್ಬೊಬ್ಬರಾಗಿ ಎಲ್ಲರೂ ಬಾಗಿಲಿಗೆ ಬಂದು ನಿಂತರು. ಅವರು ವಿಠೋಬಾನ ಕಡೆ ನೋಡುತ್ತಿರಲಿಲ್ಲ, ಬನಶಂಕರಿಯ ಬಾಯಿ ನೋಡುತ್ತಿದ್ದರು. ಎಮ್ಮೆಯ ಮಾತು ಬಂದದ್ದು ಅಲ್ಲಿಂದಲೇ ಅಲ್ಲವೇ. ವಿಠೋಬಾನ ಒಂದು ಕಣ್ಣೂ ಅತ್ತಲೇ ಇತ್ತು. ಅವಳು ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡಳು, ಅಷ್ಟೆ.

ಕರೆಂಟು ಬಂತು. ಮೂಲೆಮನೆಯಲ್ಲಿ ಬಲ್ಬು ಹತ್ತಿತು, ಮುತ್ತಣ್ಣ ಬಾಗಿಲಿಂದ ಒಳಗೆ ಸರಿದು ಮಗ್ಗದ ಸ್ವಿಚ್ಚಿನ ಕಡೆ ಕೈ ಚಾಚಿದ.

"ಮುತ್ತಣ್ಣಾ, ಸ್ವಿಚ್ಚಿಗೆ ಕೈ ಹಚ್ಚೀಯಂದ್ರ ನೋಡ ಮತ್ತ" ಎಂದಳು ಬನಶಂಕರಿ. ಮಾತು ಪಕ್ಕದ ಊರು ರಬಕವಿಯ ತನಕ ಕೇಳಿಸಿರಬೇಕು. "ನಮ್ಮ ಮನಿಯವರದು ಇನ್ನಾ ಮುಗದಿಲ್ಲ."